ಶಲ್ಲಕಿ ಮರಕ್ಕೆ ಕಚ್ಚು ಹಾಕೋದು ಯಾವಾಗ, ನಿಲ್ಲಿಸೋದು ಯಾವಾಗ?

ಬೇಲಿಸಾಲು:

ಎಲ್ಲರಿಗೂ ನಮಸ್ಕಾರ. ನಮ್ಮ ಜಮೀನಿನ ಅಂಚಿನಲ್ಲಿ 37 ಶಲ್ಲಕಿ ಮರಗಳಿವೆ. ಕೆಲವರು ಸಾಲೈ ಅಂತಾರಲ್ಲ, ಅದೇ. 19 ವರ್ಷದ ಹಿಂದೆ ಅಪ್ಪ ಬೇಲಿಗೆ ಅಂತ ಕೊಂಬೆ ಕಡಿದು ನೆಟ್ಟಿದ್ದರು. ಈಗ ಕೆಲವು ಬಿಂದಿಗೆ ದಪ್ಪ ಆಗಿವೆ, ಕೆಲವು ಇನ್ನೂ ತೊಡೆ ದಪ್ಪ. ಅಪ್ಪ ಇರುವವರೆಗೂ ಯಾರೂ ಇವಕ್ಕೆ ಕತ್ತಿ ತಾಗಿಸಿರಲಿಲ್ಲ.

ಹೋದ ವರ್ಷ ನಾನು ತಾಗಿಸಿದೆ. ಎಲೆಯೆಲ್ಲ ಉದುರಿ ಮರ ಬೋಳಾದ ಮೇಲೆ, ದಪ್ಪಗಿದ್ದ ಆರು ಮರಗಳಿಗೆ ಕಚ್ಚು ಹಾಕಿದೆ, ಅಂದರೆ ರಾಳ ಇಳಿಯಲಿ ಅಂತ ತೊಗಟೆಯನ್ನು ಮಚ್ಚಿನಿಂದ ಕೆತ್ತಿದೆ. ಮೊದಲ ಸಲ ಏನೂ ಹೆಚ್ಚು ಬರಲಿಲ್ಲ. ಮೂರನೇ ಸಲಕ್ಕೆ ಚೆನ್ನಾಗಿ ಬಂತು. ಬೆಳಗಿನ ಬಿಸಿಲಲ್ಲಿ ನೋಡಿದರೆ ಜೇನು ಹೆಪ್ಪುಗಟ್ಟಿದ ಹಾಗಿತ್ತು. ಆಸೆ ಹತ್ತಿತು. ಕೊಳ್ಳುವವರೂ "ಮಳೆ ಬೀಳುವವರೆಗೆ ತೆಗೀತಾ ಇರಿ, ಮರಕ್ಕೇನೂ ಆಗಲ್ಲ" ಅಂದರು. ಹನ್ನೊಂದು ಸಲ ಕೆತ್ತಿದ್ದೇನೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿರುವುದು.

ಮಳೆ ಬಿದ್ದ ಮೇಲೆ ನಾಲ್ಕು ಮರ ಸರಿಯಾಗಿ ಚಿಗುರಿದವು. ಇನ್ನೆರಡು ಐದು ವಾರ ತಡವಾಗಿ ಚಿಗುರಿದವು, ಅದೂ ಕೊಂಬೆಯ ತುದಿಯಲ್ಲಿ ಒಂದಿಷ್ಟು ಅಷ್ಟೇ. ಒಂದರ ಗಾಯದೊಳಗೆ ಹುಳ ಕೊರೆದ ಹೊಟ್ಟು ಕಾಣುತ್ತಿದೆ.

ಈಗ ಮತ್ತೆ ಎಲೆ ಹಳದಿಯಾಗುವ ಹೊತ್ತು ಬರುತ್ತಿದೆ. ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು? ಪ್ರತಿ ವರ್ಷ ತೆಗೆಯಬಹುದಾ? ಎಷ್ಟು ಆಳ ಕೆತ್ತಬೇಕು? "ಬೇಸಿಗೆಯಲ್ಲಿ ತೆಗೆಯಬೇಕು" ಅಂತ ಎಲ್ಲರೂ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಬೇಸಿಗೆ ಅಂದರೆ ಎಷ್ಟೊಂದು ತಿಂಗಳು! ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬೈದರೂ ಪರವಾಗಿಲ್ಲ.

---

ಹಳೇಬಾಚಿ:

ನಮಸ್ಕಾರ ಸರ್. ಹನ್ನೊಂದು ಸಲ ಅಂತ ಓದಿ ಕರುಳು ಚುರ್ ಅಂತು. ಆದರೆ ಬೈಯುವುದಿಲ್ಲ. ನಾನೂ ಅದೇ ತಪ್ಪು ಮಾಡಿದವನು, ಅದೂ ನಿಮಗಿಂತ ದೊಡ್ಡದಾಗಿ. 22 ವರ್ಷದಿಂದ ಈ ಮರಗಳ ಜೊತೆ ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಕ್ಯಾಲೆಂಡರ್ ಪಕ್ಕಕ್ಕಿಡಿ. ಮರದ ವರ್ಷ ಬೇರೆ, ನಮ್ಮ ವರ್ಷ ಬೇರೆ. ಶಲ್ಲಕಿಗೆ ದುಡಿಮೆಯ ಕಾಲ ಅಂದರೆ ಮಳೆಗಾಲ. ಮೈತುಂಬ ಎಲೆ ಇರುತ್ತೆ, ಬಿಸಿಲು ಸಿಕ್ಕಾಗ ಊಟ ತಯಾರಿಸುತ್ತೆ. ಖರ್ಚಾಗಿ ಉಳಿದದ್ದನ್ನು ಪಿಷ್ಟ ಮಾಡಿ ಕಾಂಡದಲ್ಲಿ, ಬೇರಿನಲ್ಲಿ ಕೂಡಿಡುತ್ತೆ. ಮಳೆ ನಿಂತು ನೆಲ ಒಣಗಿದ ಮೇಲೆ ಎಲೆ ಉದುರಿಸುತ್ತೆ. ಅಲ್ಲಿಂದ ಮುಂದಿನ ಮಳೆಯವರೆಗೆ ಅದಕ್ಕೆ ಹೊಸ ಸಂಪಾದನೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಕಣಜದಲ್ಲಿ ಇದ್ದದ್ದೇ ಗತಿ.

ಆ ಒಂದೇ ಕಣಜದಿಂದ ಏನೇನು ಹೋಗಬೇಕು ನೋಡಿ. ಶಲ್ಲಕಿ ಹೂ ಬಿಡುವುದು ಬೋಳಾಗಿದ್ದಾಗಲೇ. ಕಾಯಿ ಕಟ್ಟಿ ಬಲಿಯುವುದೂ ಎಲೆ ಇಲ್ಲದ ಕಾಲದಲ್ಲೇ. ಮೊದಲ ಚಿಗುರು ಒಡೆಯುವುದಕ್ಕೂ ಅದೇ ಕಣಜ. ನಡುವೆ ನಾವು ಬಾಚಿ ಹಿಡಿದು ಹೋಗುತ್ತೇವೆ. ನಾವು ಮಾಡಿದ ಗಾಯ ಮುಚ್ಚಿಕೊಳ್ಳಲು ಅದು ರಾಳ ಸುರಿಸುತ್ತೆ, ನಾವು ಅದನ್ನು ಕೆರೆದುಕೊಂಡು ಮತ್ತೆ ಗಾಯ ಮಾಡುತ್ತೇವೆ. ರಾಳ ಮರಕ್ಕೆ ಪುಕ್ಕಟೆ ಬರುವುದಿಲ್ಲ ಸರ್. ಇಥಿಯೋಪಿಯಾದಲ್ಲಿ ಶಲ್ಲಕಿಯ ದಾಯಾದಿ ಮರವೊಂದಿದೆ, ಬಾಸ್ವೆಲಿಯಾ ಪ್ಯಾಪಿರಿಫೆರಾ ಅಂತ. ಅಲ್ಲಿ ಕಚ್ಚು ಹಾಕಿದ ಮರಗಳನ್ನೂ ಹಾಕದ ಮರಗಳನ್ನೂ ಅಳೆದು ನೋಡಿದ್ದಾರೆ. ಕಚ್ಚು ಹಾಕಿದವುಗಳಲ್ಲಿ ಪಿಷ್ಟದ ದಾಸ್ತಾನು ಇಳಿದಿತ್ತು.

ಈಗ ನಿಮ್ಮ ಪ್ರಶ್ನೆ. ಯಾವಾಗ ಶುರು? ನನ್ನ ಪದ್ಧತಿ ಹೀಗೆ. ಎಲೆ ಅರ್ಧಕ್ಕರ್ಧ ಹಳದಿಯಾಗಿರಬೇಕು. ಹೊರ ತೊಗಟೆ ಕಾಗದದ ಹಾಗೆ ಸುಲಿದು ಬರುತ್ತಲ್ಲ, ಅದು ಮುಟ್ಟಿದರೆ ಗರಿಗರಿ ಅನ್ನಬೇಕು. ಬುಡದ ಮಣ್ಣನ್ನು ಒಂದು ಗೇಣು ಕೆದಕಿದರೆ ಕೈಗೆ ತೇವ ಹತ್ತಬಾರದು. ಈ ಮೂರೂ ಆದರೆ ಮೊದಲ ಕಚ್ಚು. ಆಗ ಕಣಜ ತುಂಬಿರುತ್ತೆ, ಬೆಳವಣಿಗೆ ನಿಂತಿರುತ್ತೆ, ಗಾಯಕ್ಕೆ ನೀರು ಬೀಳುವ ಭಯವೂ ಕಡಿಮೆ. ನೀವು ಪೂರ್ತಿ ಬೋಳಾದ ಮೇಲೆ ಶುರು ಮಾಡಿದ್ದೀರಿ. ಅದೇನು ದೊಡ್ಡ ತಪ್ಪಲ್ಲ. ಆದರೆ ತಡವಾಗಿ ಶುರು ಮಾಡಿದವನು ತಡವಾಗಿ ನಿಲ್ಲಿಸುತ್ತಾನೆ. ತೊಂದರೆ ಇರುವುದು ಆ ಕೊನೆಯಲ್ಲಿ.

ಯಾವಾಗ ನಿಲ್ಲಿಸಬೇಕು ಅನ್ನುವುದೇ ಅಸಲು ಪ್ರಶ್ನೆ. ಕೊಂಬೆಯ ತುದಿಯಲ್ಲಿ ಹೂಮೊಗ್ಗಿನ ಗೊಂಚಲು ಎದ್ದು ಕಂಡ ದಿನ ನಾನು ಬಾಚಿ ತೊಳೆದು ಒಳಗಿಡುತ್ತೇನೆ. ಅಷ್ಟರಲ್ಲಿ ನನಗೆ ಐದು ಸುತ್ತು, ಹೆಚ್ಚೆಂದರೆ ಆರು ಸುತ್ತು ಸಿಕ್ಕಿರುತ್ತೆ. ಮಧ್ಯ ಭಾರತದ ಕಾಡುಗಳಲ್ಲಿ ನವೆಂಬರ್‌ನಿಂದ ಮುಂಗಾರು ಬರುವವರೆಗೂ ತೆಗೆಯುವ ರೂಢಿ ಇದೆ, ಗೊತ್ತು. ಮಳೆ ಬೀಳುವವರೆಗೆ ರಾಳ ಬರುತ್ತೆ ಅನ್ನುವುದೂ ನಿಜ. ಬರುತ್ತೆ ಅಂತ ತೆಗೆಯಬೇಕಾ? ಕೆಚ್ಚಲಲ್ಲಿ ಹಾಲಿದೆ ಅಂತ ಕರುವಿಗೆ ಬಿಡದೆ ಹಿಂಡುವವರೂ ಇದ್ದಾರೆ.

ನನ್ನ ತಪ್ಪು ಹೇಳುತ್ತೇನೆ. ಈ ಕೆಲಸಕ್ಕಿಳಿದ ಏಳನೇ ವರ್ಷ. ಆ ವರ್ಷ ಬೇಸಿಗೆ ಸುಮ್ನೆ ಎಳೀತಾ ಹೋಯಿತು, ಮಳೆಯ ಸುಳಿವಿಲ್ಲ. ಕೊಳ್ಳುವವರೊಬ್ಬರು "ಇನ್ನೊಂದು ಸುತ್ತು ಮಾಡಿ, ಎಲ್ಲ ಒಟ್ಟಿಗೆ ಒಯ್ಯುತ್ತೇನೆ" ಅಂದರು. ಚಿಗುರಿನ ಕಣ್ಣು ಊದಿಕೊಂಡಿದ್ದನ್ನು ಕಣ್ಣಾರೆ ನೋಡಿಯೂ 14 ಮರಕ್ಕೆ ಹೊಸದಾಗಿ ಕೆತ್ತಿದೆ. ನಾಲ್ಕನೇ ದಿನಕ್ಕೆ ಮಳೆ. ಸಣ್ಣ ಮಳೆಯಲ್ಲ, ಮೂರು ದಿನ ಬಿಡದೆ ಹೊಡೆದ ಮಳೆ. ರಾಳ ಮಣ್ಣು ನೀರು ಸೇರಿ ಸಗಣಿ ಬಣ್ಣಕ್ಕೆ ತಿರುಗಿತು, ಯಾರಿಗೂ ಬೇಡವಾಯಿತು. ಅದು ಹೋಗಲಿ. ಗಾಯಗಳು ಒದ್ದೆಯಾಗೇ ಉಳಿದವು, ತೊಗಟೆಯ ಅಂಚು ಕಪ್ಪಾಯಿತು, ಆಮೇಲೆ ಕೊರೆಯುವ ಹುಳ ಸೇರಿತು. ಎರಡು ವರ್ಷದಲ್ಲಿ ಐದು ಮರ ಸತ್ತವು. ಒಂದಂತೂ ಗಾಳಿಗೆ ಕಚ್ಚು ಹಾಕಿದ ಜಾಗದಲ್ಲೇ ಮುರಿದು ಬಿತ್ತು. ಆ ಬುಡ ಇನ್ನೂ ಹಾಗೇ ಇದೆ. ನಾನೇ ತೆಗೆದಿಲ್ಲ.

ಆಳದ ಬಗ್ಗೆ. ಮಚ್ಚು ಬೇಡವೇ ಬೇಡ. ಮಚ್ಚಿಗೆ ಅಳತೆ ಗೊತ್ತಿಲ್ಲ. ಹರಿತವಾದ ಸಣ್ಣ ಬಾಚಿ ಅಥವಾ ಅಗಲ ಬಾಯಿಯ ಉಳಿ ಬಳಸಿ. ಮೊದಲ ಸಲ ಹೊರಗಿನ ಕಾಗದದ ಪದರ ತೆಗೆದು, ಒಳಗಿನ ಹಸಿ ತೊಗಟೆಯನ್ನು ಹೆಬ್ಬೆರಳ ಉಗುರಿನಷ್ಟು ಅಗಲ ಮಾತ್ರ ತೆಳ್ಳಗೆ ಹೆರೆಯಿರಿ. ಎರಡು ಮೂರು ವಾರ ಬಿಟ್ಟು, ಗಟ್ಟಿಯಾದ ರಾಳ ತೆಗೆದು, ಅದೇ ಗಾಯವನ್ನು ಚೂರು ಆಳ, ಚೂರು ಅಗಲ ಮಾಡಿ. ಪ್ರತಿ ಸಲ ಹೊಸ ಜಾಗ ಹುಡುಕಬೇಡಿ. ಮೊದಲ ಸುತ್ತಿಗೆ ಏನೂ ಬರದೆ ಮೂರನೆಯದಕ್ಕೆ ಬಂತು ಅಂದಿರಲ್ಲ, ಅದು ಮರ ಗಾಯಕ್ಕೆ ಎಚ್ಚೆತ್ತುಕೊಳ್ಳುವ ರೀತಿ. ಎಲ್ಲರಿಗೂ ಹಾಗೇ ಆಗುತ್ತೆ. ಆರೇಳು ಸುತ್ತಾದ ಮೇಲೆ ಇಳಿಯುತ್ತಾ ಹೋಗುತ್ತೆ. ನಿಮ್ಮ ನೋಟ್‌ಬುಕ್ಕಿನಲ್ಲೂ ಹಾಗೇ ಇರಬೇಕು, ನೋಡಿ ಹೇಳಿ.

ಒಂದು ವಿಚಿತ್ರ ಸಂಗತಿ ಇದೆ. 2013ರಲ್ಲಿ ಆ ಇಥಿಯೋಪಿಯಾದ ಮರದ ತೊಗಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು, ರಾಳ ಹರಿಯುವ ಜೀವಂತ ನಾಳಗಳ ಜಾಲ ಒಳ ತೊಗಟೆಯ ಒಳಗಿನ 6.6 ಮಿಲಿಮೀಟರಿನಲ್ಲಿ ಮಾತ್ರ ಇರುತ್ತೆ ಅಂತ ಕಂಡುಕೊಂಡರು. ಅದು ಸರಾಸರಿ ಲೆಕ್ಕ. ಅದಕ್ಕಿಂತ ಹೊರಗಿರುವ ನಾಳಗಳು ಹಳೆಯವು, ಕೆಲಸಕ್ಕೆ ಬಾರದವು. ಅಂದರೆ ಮೇಲೆ ಮೇಲೆ ಹತ್ತು ಸಲ ಕೆರೆದು ಮರವನ್ನು ಗೋಳಾಡಿಸುವುದಕ್ಕಿಂತ, ಮೊದಲೇ ಸರಿಯಾದ ಆಳಕ್ಕೆ ಹೋಗಿ ಕಡಿಮೆ ಸುತ್ತಿನಲ್ಲಿ ಮುಗಿಸುವುದು ಮೇಲು ಅನ್ನುವ ವಾದ ಅದರಿಂದ ಹುಟ್ಟಿತು. ನನಗೆ ಒಪ್ಪಿಗೆಯೇ. ಆದರೆ ಕೈ ಪಳಗದವರು ಆಳಕ್ಕೆ ಹೋದರೆ ತೊಗಟೆಗೂ ಕಟ್ಟಿಗೆಗೂ ನಡುವಿನ ಜಾರುವ ಪದರ ಕತ್ತರಿಸಿಬಿಡುತ್ತಾರೆ. ಅದು ಕತ್ತರಿಸಿದರೆ ಆ ಜಾಗ ಮುಚ್ಚುವುದು ಬಹಳ ಕಷ್ಟ. ನೀವು ಈ ವರ್ಷ ಮೇಲಿಂದಲೇ ಕಲಿಯಿರಿ.

ಎಷ್ಟು ಗಾಯ ಅಂತ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಅದೇ ಮರದ ಮೇಲೆ ಇಥಿಯೋಪಿಯಾದಲ್ಲಿ ಮಾಡಿದ ಪರೀಕ್ಷೆಯಲ್ಲಿ, ಒಂದು ಮರಕ್ಕೆ 9 ಕಚ್ಚು ದಾಟಿದ ಮೇಲೆ ಇಳುವರಿ ಹೆಚ್ಚಲಿಲ್ಲ. ಕಚ್ಚು ಹೆಚ್ಚಿತು, ರಾಳ ಅಷ್ಟೇ. ನಾನು ಬಿಂದಿಗೆ ದಪ್ಪದ ಮರಕ್ಕೆ ನಾಲ್ಕು ಹಾಕುತ್ತೇನೆ. ತೊಡೆ ದಪ್ಪದ್ದನ್ನು ಮುಟ್ಟುವುದೇ ಇಲ್ಲ.

ಇನ್ನು ಪ್ರತಿ ವರ್ಷ ತೆಗೆಯಬಹುದಾ ಅಂದಿರಿ. ಬೇಡ. ನಾನು ಎರಡು ವರ್ಷ ತೆಗೆದು ಎರಡು ವರ್ಷ ಬಿಡುತ್ತೇನೆ. ಎರಿಟ್ರಿಯಾದಲ್ಲಿ ಅದೇ ಪ್ಯಾಪಿರಿಫೆರಾ ಮರದ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಓದಿದ ಮೇಲೆ ಈ ಪದ್ಧತಿಗೆ ಬಂದೆ. ಕಚ್ಚು ಹಾಕದ ಮರದ ಬೀಜ ನೂರಕ್ಕೆ 80ಕ್ಕಿಂತ ಹೆಚ್ಚು ಮೊಳೆತವು. ಜೋರಾಗಿ ಕಚ್ಚು ಹಾಕಿದವುಗಳ ಬೀಜ ನೂರಕ್ಕೆ 16 ಮಾತ್ರ. ಮರ ಹಸಿರಾಗೇ ಕಾಣುತ್ತೆ, ರಾಳವೂ ಕೊಡುತ್ತೆ, ಹೂವೂ ಬಿಡುತ್ತೆ. ಬೀಜ ಮಾತ್ರ ಜೊಳ್ಳು.

---

ಎಲೆಗನ್ನಡಿ:

ಹಳೇಬಾಚಿಯವರ ಮಾತಿಗೆ ನನ್ನದೂ ಸಹಮತ. ಆದರೆ ಇದನ್ನು ಓದಿ ಯಾರಾದರೂ ಬೇರೆ ಮರಕ್ಕೂ ಇದೇ ಲೆಕ್ಕ ಹಾಕಿಬಿಟ್ಟಾರು ಅಂತ ನಾಲ್ಕು ಮಾತು. ನಾನು ಸಸ್ಯಶಾಸ್ತ್ರ ಪಾಠ ಮಾಡುವವಳು, ಬಾಚಿ ಹಿಡಿದವಳಲ್ಲ.

ಶಲ್ಲಕಿ, ಗುಗ್ಗುಲು ಇವುಗಳಲ್ಲಿ ರಾಳದ ನಾಳಗಳು ತೊಗಟೆಯಲ್ಲಿ ಮೊದಲೇ ಇರುತ್ತವೆ. ಲಾವೋಸ್ ಮತ್ತು ಸುಮಾತ್ರಾದಲ್ಲಿ ಸಾಂಬ್ರಾಣಿ ಕೊಡುವ ಸ್ಟೈರಾಕ್ಸ್ ಮರದ ಕಥೆ ಬೇರೆ. ಅದರಲ್ಲಿ ಗಾಯವಾಗುವವರೆಗೆ ರಾಳವೇ ಇರುವುದಿಲ್ಲ, ಗಾಯವಾದ ಮೇಲೆ ಹುಟ್ಟುತ್ತೆ. ಹಾಗಾಗಿ ಕಚ್ಚು ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಎರಡು ವಾರಕ್ಕೆ ಹೋಗಿ ಕೆದಕಿದರೆ ಏನೂ ಸಿಗುವುದಿಲ್ಲ.

ಅಮೆಜಾನಿನ ಕೊಪೈಬಾ ಇನ್ನೊಂದು ಥರ. ಅದರ ಎಣ್ಣೆಯಂಥ ರಾಳ ತೊಗಟೆಯಲ್ಲಲ್ಲ, ಕಾಂಡದ ಒಳಗೆ ತುಂಬಿರುತ್ತೆ. ಹಿಂದೆ ಕೊಡಲಿಯಿಂದ ಗುಂಡಿ ತೋಡುತ್ತಿದ್ದರು, ಮರ ಸಾಯುತ್ತಿತ್ತು. ಈಗ ಬೈರಿಗೆಯಿಂದ ತೂತು ಕೊರೆದು, ಎಣ್ಣೆ ಇಳಿಸಿಕೊಂಡು, ಬಿಗಿಯಾಗಿ ಬೆಣೆ ಹೊಡೆಯುತ್ತಾರೆ. ಎಷ್ಟೋ ಮರಗಳಲ್ಲಿ ಒಂದು ಹನಿಯೂ ಬರುವುದಿಲ್ಲ. ಬಂದ ಮರದಲ್ಲೂ ಎರಡನೇ ಸಲ ಕಡಿಮೆಯೇ. ಅಲ್ಲಿ ಯಾವ ತಿಂಗಳು ಅನ್ನುವುದಕ್ಕಿಂತ ಎಷ್ಟು ವರ್ಷಕ್ಕೊಮ್ಮೆ ಅನ್ನುವುದು ಮುಖ್ಯ. ಬರಿದಾದ ಜಾಗ ತುಂಬಿಕೊಳ್ಳಲು ವರ್ಷಗಳು ಬೇಕು.

ಹಾಗೇ, ಕೆಂಪು ಸೋನೆ ಸುರಿಸುವ ಕ್ರೋಟನ್ ಲೆಕ್ಲೆರಿ ಇದೆ. ದಕ್ಷಿಣ ಅಮೆರಿಕದ್ದು. ಅದರಿಂದ ತೆಗೆದ ಕ್ರೋಫೆಲೆಮರ್ ಅನ್ನುವ ಭೇದಿಯ ಔಷಧಕ್ಕೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆ ಮರವನ್ನು ಸಾಮಾನ್ಯವಾಗಿ ಕಡಿದೇ ಸೋನೆ ತೆಗೆಯುವುದು. ಬೇಗ ಬೆಳೆಯುವ ಜಾತಿ, ಹಾಗಾಗಿ ಮತ್ತೆ ನೆಟ್ಟು ಬೆಳೆಸಬಹುದು. ಅಲ್ಲಿ ನೋಡಬೇಕಾದ್ದು ಮರದ ವಯಸ್ಸು, ಮತ್ತು ಕಡಿದಷ್ಟು ನೆಟ್ಟರಾ ಇಲ್ಲವಾ ಅನ್ನುವುದು.

ಬೇಲಿಸಾಲು ಅವರೇ, ನಿಮಗೆ ಒಂದೇ ಒಂದು ಸೇರಿಸುತ್ತೇನೆ. ಶಲ್ಲಕಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಮರದ ಪರಾಗ ಬೇಕು. ಹೆಜ್ಜೇನು ಅದನ್ನು ಹೊತ್ತು ತರುತ್ತೆ. ನಿಮ್ಮ ತಂದೆ ಒಂದೇ ಮರದ ಕೊಂಬೆಗಳನ್ನು ಸಾಲಾಗಿ ನೆಟ್ಟಿದ್ದರೆ 37 ಮರವೂ ಲೆಕ್ಕಕ್ಕೆ ಒಂದೇ ಮರ. ಕಾಯಿ ಬಿಡುತ್ತವಾ ನೋಡಿದ್ದೀರಾ?

---

ಬೇಲಿಸಾಲು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಳೇಬಾಚಿ ಅಣ್ಣ, ನಾನು ಸರ್ ಅಲ್ಲ, ಹೆಣ್ಣುಮಗಳು. ಬಾಚಿ ಹಿಡಿಯಲು ಬರುತ್ತೆ, ಚಿಂತೆ ಬೇಡ.

ನೋಟ್‌ಬುಕ್ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ಇದೆ. ಮೂರು, ನಾಲ್ಕು, ಐದನೇ ಸುತ್ತು ಚೆನ್ನಾಗಿದೆ. ಎಂಟರಿಂದ ಹನ್ನೊಂದರವರೆಗೆ ನಾಲ್ಕೂ ಸೇರಿದರೆ ನಾಲ್ಕನೇ ಸುತ್ತು ಒಂದರಷ್ಟೂ ಆಗಿಲ್ಲ. ಅಷ್ಟಕ್ಕೋಸ್ಕರ ಎರಡು ಮರ ಕೆಡಿಸಿಕೊಂಡೆನಲ್ಲ ಅಂತ ರಾತ್ರಿ ನಿದ್ದೆ ಬರಲಿಲ್ಲ.

ಎಲೆಗನ್ನಡಿ ಮೇಡಂ, ಕಾಯಿ ಬಿಡುತ್ತವೆ, ಆದರೆ ಸಾಲಿನ ಒಂದು ತುದಿಯಲ್ಲಿ ಮಾತ್ರ. ಇಷ್ಟು ದಿನ ಅಲ್ಲಿ ಬಿಸಿಲು ಜಾಸ್ತಿ ಅದಕ್ಕೆ ಅಂದುಕೊಂಡಿದ್ದೆ. ಅಮ್ಮನನ್ನು ಕೇಳಿದರೆ, ಅಪ್ಪ ಕೊಂಬೆ ಎರಡು ಕಡೆಯಿಂದ ತಂದಿದ್ದು, ಎರಡನೇ ಸಲ ತಂದದ್ದನ್ನು ಆ ತುದಿಗೆ ನೆಟ್ಟಿದ್ದು ಅಂತ ಹೇಳಿದರು! ಎರಡು ಜಾತಕ ಕೂಡುವ ಜಾಗ ಅದೊಂದೇ ಇರಬೇಕು.

ಇನ್ನೆರಡು ಪ್ರಶ್ನೆ ಉಳಿದಿವೆ. ಒಬ್ಬರು ಎಥಿಫಾನ್ ಅನ್ನುವ ಔಷಧಿ ಹಚ್ಚಿದರೆ ಹತ್ತು ಪಟ್ಟು ಬರುತ್ತೆ, ಒಂದೇ ಸುತ್ತಲ್ಲಿ ಮುಗಿಸಬಹುದು, ಮರಕ್ಕೂ ಗಾಯ ಕಡಿಮೆ ಅಂತಾರೆ. ಕೇಳಲು ಚೆನ್ನಾಗಿದೆ, ನಿಜವಾ? ಆ ಎರಡು ಮರಕ್ಕೆ ಈಗ ಏನು ಮಾಡಲಿ?

---

ಹಳೇಬಾಚಿ:

ತಪ್ಪಾಯಿತು ತಂಗಿ. ಸರ್ ಅನ್ನುವ ಚಾಳಿ ಬಿಡಬೇಕು.

ಎಥಿಫಾನ್ ವಿಷಯ. ಅದು ಗಿಡದ ಮೈಯೊಳಗೆ ಹೋಗಿ ಎಥಿಲೀನ್ ಬಿಡುತ್ತೆ. ಎಥಿಲೀನ್ ಅಂದರೆ ಗಿಡ ತನಗೆ ಗಾಯವಾದಾಗ ತಾನೇ ಹೊರಡಿಸುವ ಸುದ್ದಿ. ಅಂದರೆ ನೀವು ಮಾಡಿದ ಗಾಯ ಸಣ್ಣದು, ಮರಕ್ಕೆ ಮುಟ್ಟಿಸುವ ಸುದ್ದಿ ದೊಡ್ಡದು. ಅದು ಮೈ ಮುರಿದು ರಾಳ ಸುರಿಸುತ್ತೆ. ಇಳುವರಿ ಏರುವುದು ಸುಳ್ಳಲ್ಲ. ಗುಗ್ಗುಲು ಗಿಡದ ಮೇಲೆ 1980ರ ದಶಕದಲ್ಲೇ ಇದನ್ನು ಪ್ರಯೋಗ ಮಾಡಿ, ಇಳುವರಿ ಹಲವು ಪಟ್ಟು ಏರಿದ್ದನ್ನು ತೋರಿಸಿದ್ದಾರೆ. ಪ್ರಯೋಗ ಮಾಡಿದವರು ಅಳತೆ ಇಟ್ಟು, ಎಚ್ಚರದಿಂದ ಮಾಡಿದ್ದರು. ಹೊರಗೆ ಬಂದ ಮೇಲೆ ಅಳತೆ ಯಾರು ಕೇಳುತ್ತಾರೆ?

ಗಾಯ ಕಡಿಮೆ ಅನ್ನುವ ಮಾತಿನಲ್ಲೇ ಮೋಸ ಇದೆ. ಲೆಕ್ಕ ಹಾಕಬೇಕಾದ್ದು ಗಾಯವನ್ನಲ್ಲ, ಕಣಜದಿಂದ ಎಷ್ಟು ಹೋಯಿತು ಅನ್ನುವುದನ್ನು. ಒಂದೇ ಸುತ್ತಲ್ಲಿ ಹತ್ತು ಸುತ್ತಿನಷ್ಟು ತೆಗೆದರೆ ಮರಕ್ಕೆ ಅದು ಹತ್ತು ಸುತ್ತೇ. ನಡುವೆ ನಿಲ್ಲಿಸುವ ಅವಕಾಶವೂ ನಿಮಗೆ ಇರುವುದಿಲ್ಲ. ಬಾಚಿಯಾದರೆ ಮೊಗ್ಗು ಕಂಡ ದಿನ ಒಳಗಿಡಬಹುದು. ಒಳಗೆ ಹೋದ ಔಷಧಿಯನ್ನು ವಾಪಸ್ ಕರೆಯಲು ಆಗುತ್ತಾ?

ಗುಗ್ಗುಲುವಿನ ಪಾಡು ನೋಡಿ. ರಾಜಸ್ಥಾನ, ಗುಜರಾತಿನ ಒಣ ನೆಲದಲ್ಲಿ ಬೆಳೆಯುವ ಕುರುಚಲು ಗಿಡ. ರಾಳ ತೆಗೆಯುವಷ್ಟು ದಪ್ಪವಾಗಲು ಎಂಟು ಹತ್ತು ವರ್ಷ ಬೇಕು. ಬೇಗ ಬೇಕು, ಜಾಸ್ತಿ ಬೇಕು ಅಂತ ಆಳವಾಗಿ ಕೆತ್ತಿ, ಗಾಯಕ್ಕೆ ಏನೇನೋ ಬಳಿದು ತೆಗೆದರು. ಹಾಗೆ ತೆಗೆದ ಗಿಡ ರಾಳ ಸುರಿಸಿ ಸುರಿಸಿ ಒಣಗಿಹೋಗುತ್ತೆ. ಈಗ ಅಳಿವಿನ ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ತೀವ್ರ ಅಪಾಯದ ಸಾಲಿನಲ್ಲಿದೆ. ಅಲ್ಲಿಂದಾಚೆಗೆ ಉಳಿಯುವುದು ಕಾಡಿನಲ್ಲಿ ಇಲ್ಲವಾಗುವುದು ಮಾತ್ರ.

ಇಥಿಯೋಪಿಯಾದ ಮರದ್ದೂ ಸುಖದ ಕಥೆಯಲ್ಲ. ಇಥಿಯೋಪಿಯಾ, ಎರಿಟ್ರಿಯಾ, ಸುಡಾನ್ ಮೂರೂ ಕಡೆ ಅಧ್ಯಯನ ಮಾಡಿದವರು 2019ರಲ್ಲಿ ಬರೆದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಕಡೆ ಎಳೆ ಮರಗಳೇ ಇಲ್ಲ. ದಶಕಗಳಿಂದ ಹೊಸ ಸಸಿ ಮರವಾಗಿಲ್ಲ. ಹೀಗೇ ಹೋದರೆ 20 ವರ್ಷದಲ್ಲಿ ಉತ್ಪಾದನೆ ಅರ್ಧಕ್ಕೆ ಇಳಿಯುತ್ತೆ ಅನ್ನುವ ಅಂದಾಜು. ಅದಕ್ಕೆ ಕಚ್ಚು ಒಂದೇ ಕಾರಣ ಅಲ್ಲ, ಬೆಂಕಿ ಮತ್ತು ದನ ಮೇಯುವುದೂ ಸೇರಿದೆ. ದೊಡ್ಡ ಮರ ನಿಂತಿರುತ್ತೆ, ರಾಳ ಬರುತ್ತಿರುತ್ತೆ, ಎಲ್ಲ ಸರಿ ಇದೆ ಅನ್ನಿಸುತ್ತೆ. ಬುಡದಲ್ಲಿ ಬಗ್ಗಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತೆ.

ಈಗ ನಿಮ್ಮ ಎರಡು ಮರ. ಹುಳದ ಹೊಟ್ಟು ಕಂಡದ್ದನ್ನು ಬಿಡಬೇಡಿ. ಮಳೆ ಪೂರ್ತಿ ನಿಂತ ಮೇಲೆ, ಗಾಯದ ಅಂಚಿನ ಕಪ್ಪಾದ, ಮೆತ್ತಗಾದ ತೊಗಟೆಯನ್ನು ಹರಿತ ಚಾಕುವಿನಿಂದ ಹಸಿರು ಕಾಣುವವರೆಗೆ ತೆಗೆಯಿರಿ. ತೂತಿದ್ದರೆ ಗಟ್ಟಿ ತಂತಿ ಹಾಕಿ ಹುಳವನ್ನು ಎಳೆದು ಹಾಕಿ. ಆಮೇಲೆ ಗಾಳಿಗೆ ಒಣಗಲು ಬಿಡಿ. ಸಗಣಿ, ಮಣ್ಣು, ಬಣ್ಣ ಏನೂ ಬಳಿಯಬೇಡಿ. ಒಳಗೆ ತೇವ ಕೂತರೆ ಕೊಳೆಯುತ್ತೆ. ಬುಡದ ಸುತ್ತ ಒಣಹುಲ್ಲು ಇರದ ಹಾಗೆ ನೋಡಿಕೊಳ್ಳಿ, ಒಂದು ಬೆಂಕಿಯ ಕಿಡಿ ಬಿದ್ದರೆ ರಾಳದ ಗಾಯ ಮೊದಲು ಹತ್ತಿಕೊಳ್ಳುತ್ತೆ. ಆ ಎರಡಕ್ಕೂ ಕನಿಷ್ಠ ನಾಲ್ಕು ವರ್ಷ ಕೈ ಹಚ್ಚಬೇಡಿ.

---

ಒರಳುಕಲ್ಲು:

ನಾನು ಔಷಧಿ ಮಾಡುವ ಕಡೆಯವನು, ಮರದ ಕಡೆಯವನಲ್ಲ. ಒಂದು ಮಾತು ಸೇರಿಸುತ್ತೇನೆ.

ಕೊನೆಯ ಸುತ್ತಿನ ರಾಳ ನಮಗೂ ಬೇಡ. ತಡವಾಗಿ, ಹಳೇ ಗಾಯ ಅಗಲಿಸಿ ತೆಗೆದದ್ದರಲ್ಲಿ ತೊಗಟೆಯ ಚೂರು ಜಾಸ್ತಿ, ಧೂಳು ಜಾಸ್ತಿ, ಬಣ್ಣ ಕಂದು. ತೊಗಟೆ ಬೇರೆ ಮಾಡುವುದೇ ಒಂದು ಸಾಹಸ. ಮೂರನೇ ನಾಲ್ಕನೇ ಸುತ್ತಿನ ತಿಳಿ ಚಿನ್ನದ ಬಣ್ಣದ ಹನಿಗಳನ್ನು ಬೇರೆ ಇಡಿ, ಎಲ್ಲ ಒಂದೇ ಚೀಲಕ್ಕೆ ಸುರಿಯಬೇಡಿ.

ಶಲ್ಲಕಿ ರಾಳ ಹಸಿಯಿದ್ದಾಗ ಗಟ್ಟಿಯಿರುವುದಿಲ್ಲ, ಅಂಟಂಟಾಗಿರುತ್ತೆ. ಬಿದಿರಿನ ಬುಟ್ಟಿಯಲ್ಲಿ ತಿಂಗಳ ಕಾಲ ನೆರಳಲ್ಲಿಟ್ಟರೆ ನೀರಿನಂಥ ಎಣ್ಣೆಯ ಭಾಗ ಕೆಳಗೆ ಇಳಿಯುತ್ತೆ. ಮೇಲೆ ಉಳಿದದ್ದು ಗಟ್ಟಿಯಾಗುತ್ತೆ. ಕೆಳಗೆ ಪಾತ್ರೆ ಇಡಿ, ಇಳಿದದ್ದೂ ಕೆಲಸಕ್ಕೆ ಬರುತ್ತೆ. ಬೇಗ ಒಣಗಲಿ ಅಂತ ಬಿಸಿಲಿಗೆ ಹಾಕಿದರೆ ಎಲ್ಲ ಕರಗಿ ಒಂದೇ ಮುದ್ದೆ, ಪರಿಮಳವೂ ಹಾರಿಹೋಗುತ್ತೆ. ಕೀಲುನೋವಿನ ಔಷಧಿಗೆ ಬೇಕಾದ ಬಾಸ್ವೆಲಿಕ್ ಆಮ್ಲಗಳು ಹಾಗೆ ಹಾರಿಹೋಗುವುದಿಲ್ಲ, ನಿಜ. ಆದರೆ ಮುದ್ದೆಯಾದ, ಮಣ್ಣು ಹತ್ತಿದ ಸರಕನ್ನು ಯಾರು ಶುದ್ಧ ಮಾಡುತ್ತಾ ಕೂರುತ್ತಾರೆ?

ಇನ್ನೊಂದು. ಗೋಂದು, ರಾಳ ಎರಡನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ. ಗೋಂದು ನೀರಿನಲ್ಲಿ ಕರಗುತ್ತೆ ಅಥವಾ ಉಬ್ಬುತ್ತೆ, ರಾಳ ಕರಗುವುದು ಸ್ಪಿರಿಟ್ಟಿನಲ್ಲಿ. ಶಲ್ಲಕಿಯದು ಎರಡೂ ಬೆರೆತದ್ದು. ಅದಕ್ಕೇ ಮಳೆ ಬಿದ್ದರೆ ಗೋಂದಿನ ಭಾಗ ತೊಳೆದುಹೋಗಿ ಉಳಿದದ್ದು ಬೆಳ್ಳಗೆ ಮಂಕಾಗುತ್ತೆ. ಹಳೇಬಾಚಿಯವರ ಸಗಣಿ ಬಣ್ಣದ ರಾಳ ಓದಿ ನನಗೆ ಆಶ್ಚರ್ಯವಾಗಲಿಲ್ಲ.

---

ಬೇಲಿಸಾಲು:

ಎಲ್ಲರ ಮಾತು ಕೇಳಿ ಒಂದು ಲೆಕ್ಕ ಹಾಕಿದ್ದೇನೆ, ತಪ್ಪಿದ್ದರೆ ಹೇಳಿ.

ಬಿಂದಿಗೆ ದಪ್ಪದವು ಒಟ್ಟು 20 ಇವೆ. ಅದರಲ್ಲಿ ಹೋದ ವರ್ಷದ ಆರನ್ನೂ ಬಿಟ್ಟೆ. ಕಾಯಿ ಬಿಡುವ ತುದಿಯಲ್ಲಿರುವ ಐದನ್ನು ಯಾವತ್ತಿಗೂ ಮುಟ್ಟುವುದಿಲ್ಲ, ಅವು ಬೀಜಕ್ಕೆ. ಉಳಿದದ್ದು ಒಂಬತ್ತು. ಈ ಸಲ ಐದಕ್ಕೆ ಮಾತ್ರ ಕಚ್ಚು, ಒಂದೊಂದಕ್ಕೆ ಮೂರು. ಎಲೆ ಅರ್ಧ ಹಳದಿ ಆದಾಗ ಶುರು, ಮೊಗ್ಗು ಕಂಡರೆ ಬಂದ್. ಎಥಿಫಾನ್ ಹೇಳಿದವರಿಗೆ ಬೇಡ ಅಂದುಬಿಟ್ಟೆ, ಮುಖ ಊದಿಸಿಕೊಂಡು ಹೋದರು.

ಬೆಳಿಗ್ಗೆ ಮರಗಳನ್ನು ನೋಡಿಕೊಂಡು ಬಂದೆ. ಸಾಲಿನ ಎಲ್ಲವೂ ಒಟ್ಟಿಗೆ ಹಳದಿಯಾಗುತ್ತಿಲ್ಲ. ಕಲ್ಲು ನೆಲದ ಮೇಲಿರುವ ಏಳು ಆಗಲೇ ಉದುರಿಸುತ್ತಿವೆ, ತಗ್ಗಿನಲ್ಲಿರುವವು ಇನ್ನೂ ಕಡು ಹಸಿರು. ಈಗ ಯಾವುದನ್ನು ನೋಡಿ ಶುರು ಮಾಡಲಿ?

---

ಹಳೇಬಾಚಿ:

ಒಂದೊಂದು ಮರಕ್ಕೂ ಅದರದೇ ದಿನ. ಐದನ್ನೂ ಒಂದೇ ದಿನ ಮಾಡಬೇಕು ಅಂತ ಏನಿದೆ? ಕಲ್ಲು ನೆಲದ್ದು ಬೇಗ ಶುರುವಾಗುತ್ತೆ, ಅದರ ಕಣಜವೂ ಸಣ್ಣದು. ಅದಕ್ಕೆ ಮೂರರ ಬದಲು ಎರಡು ಕಚ್ಚು ಹಾಕಿ, ನಾಲ್ಕೇ ಸುತ್ತಿಗೆ ನಿಲ್ಲಿಸಿ. ತಗ್ಗಿನದಕ್ಕೆ ಇನ್ನೂ ಎರಡು ವಾರವೋ ಮೂರು ವಾರವೋ ಕಾಯಬೇಕಾಗಬಹುದು. ನೋಟ್‌ಬುಕ್ಕಿನಲ್ಲಿ ಮರಕ್ಕೊಂದು ಪುಟ ಮಾಡಿ. ಬಾಚಿ ಮಸೆಯುವ ಕಲ್ಲು ಜೊತೆಗೇ ಇಟ್ಟುಕೊಳ್ಳಿ, ಮೂರು ಮರಕ್ಕೊಮ್ಮೆ ಮಸೆಯಬೇಕಾಗುತ್ತೆ, ಅಂಟು ಹತ್ತಿ ಬೇಗ ಮೊಂಡಾಗುತ್ತೆ.